ಹಲಗೆಗೆ ಏರದ ದೋಷ

ಪ್ರಿಯ ಸ್ಕೇಲ್,

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನೀನು ಕೋರ್ಟಿನಲ್ಲಿ ನಿಂತು ತಪ್ಪು ಒಪ್ಪಿಕೊಳ್ಳುತ್ತೀಯಂತೆ. ಅದಕ್ಕೆ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು. ಅಂಚೆಯ ಮೇಲೆ ನನಗೆ ನಂಬಿಕೆ ಇಲ್ಲದ್ದರಿಂದ ನಿನ್ನ ಭಾವಮೈದನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ನಿನ್ನ ವಕೀಲ ಮಾತ್ರವಲ್ಲ, ತೀರಿಕೊಂಡ ನಿನ್ನ ಹೆಂಡತಿಯ ಒಡಹುಟ್ಟಿದ ತಮ್ಮ. ಅವನು ಈ ಕಾಗದವನ್ನು ಓದಿಯೇ ನಿನಗೆ ಕೊಡುತ್ತಾನೆ. ನೀನು ಓದದೆ ಮಡಿಸಿಟ್ಟರೆ ಗಟ್ಟಿಯಾಗಿ ಓದಿ ಹೇಳಲು ಅವನಿಗೆ ತಿಳಿಸಿದ್ದೇನೆ. ಆದ್ದರಿಂದ ನೀನೇ ಓದಿಬಿಡು.

ನಾನು ಕರಡು ತಿದ್ದಿ ಬದುಕಿದವನು. ಇಪ್ಪತ್ತಾರು ವರ್ಷ ಮುದ್ರಣಾಲಯದ ಮೂಲೆಯ ಕೋಣೆಯಲ್ಲಿ ಕೂತು ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆದೆ. ನೀನು ಮಹಡಿಯ ಮೇಲೆ ನಕ್ಷೆ ವಿಭಾಗದಲ್ಲಿದ್ದೆ. ಅಂಗಿಯ ಜೇಬಿನಲ್ಲಿ ಆರಿಂಚಿನ ಉಕ್ಕಿನ ಸ್ಕೇಲ್ ಇಲ್ಲದೆ ನೀನು ಊಟಕ್ಕೂ ಇಳಿದವನಲ್ಲ, ನಿನ್ನ ಹೆಸರೂ ಅದೇ ಆಯಿತು. ಕ್ಯಾಂಟೀನಿನ ಬ್ರೆಡ್ಡಿಗೆ ಅದನ್ನು ಹಿಡಿದು, "ಹೋದ ವಾರಕ್ಕಿಂತ ಎರಡು ಮಿಲಿಮೀಟರ್ ತೆಳ್ಳಗಾಗಿದೆ, ಅರ್ಜಿ ಬರಿ" ಎಂದು ನನ್ನ ಕಡೆ ನೋಡುತ್ತಿದ್ದೆ. ನಾನು ಬರೆಯುತ್ತಿದ್ದೆ. ಅರ್ಜಿ ಬರೆಯುವುದು ನನ್ನ ಚಟ. ರಸ್ತೆಯ ಗುಂಡಿಗೆ, ಉರಿಯದ ದೀಪಕ್ಕೆ, ಗ್ರಂಥಾಲಯದಲ್ಲಿ ಹರಿದ ಪುಟಕ್ಕೆ, ಎಲ್ಲದಕ್ಕೂ ನನ್ನ ಹತ್ತಿರ ಒಂದು ಅರ್ಜಿ ಇರುತ್ತಿತ್ತು. ಯಾವ ಅಧಿಕಾರಿ ಯಾವ ವರ್ಷ ಏನು ಹೇಳಿ ಕೈತೊಳೆದುಕೊಂಡ ಎಂದು ತಾರೀಕಿನ ಸಮೇತ ಹೇಳುತ್ತೇನೆಂದು ನೀವೆಲ್ಲ ನನಗೆ ಅಂಪೈರ್ ಎಂದು ಹೆಸರಿಟ್ಟಿರಿ. ಆ ಹೆಸರು ನನಗೆ ಹಿಡಿಸಿತ್ತು. ಈಗ ಅದನ್ನು ನೆನೆದರೆ ಮೈ ಹಿಡಿಯಾಗುತ್ತದೆ.

ವಾಹನಗಳ ಶೆಡ್ಡಿನ ಗೋಡೆಯ ಹಲಗೆ ನಿನಗೆ ಮರೆತಿರಲಾರದು. ತರಬೇತಿ ಕೋಣೆಯಿಂದ ಎಸೆದಿದ್ದ ಕರಿಹಲಗೆಯನ್ನು ಎತ್ತಿ ತಂದು ಮೊಳೆ ಹೊಡೆದವನು ನಾನೇ. ಕಾರು ಇಟ್ಟುಕೊಂಡವರು ಸೇರಿದರೆ ಬೇರೆ ಮಾತು ಇರುತ್ತಿರಲಿಲ್ಲವಲ್ಲ. ಯಾರ ಗಾಡಿ ಲೀಟರಿಗೆ ಎಷ್ಟು ಓಡುತ್ತದೆ, ಯಾರ ಟೈರು ಎಷ್ಟು ಬಾಳಿತು, ಯಾವ ಕಂಪನಿಯ ಬಿಡಿಭಾಗ ಕೈಗೆ ಸಿಗುತ್ತದೆ, ಯಾವುದರದ್ದು ಕೈ ಸುಡುತ್ತದೆ. ಎಲ್ಲರೂ ಬಾಯಿಗೆ ಬಂದದ್ದು ಹೇಳುವುದನ್ನು ಕೇಳಿ ಕೇಳಿ ನನಗೆ ರೇಗಿತ್ತು. ಜಾಹೀರಾತು ಸುಳ್ಳು ಹೇಳುತ್ತದೆ, ಮಾಲೀಕರು ಅದಕ್ಕಿಂತ ದೊಡ್ಡ ಸುಳ್ಳು ಹೇಳುತ್ತಾರೆ, ಇಲ್ಲಾದರೂ ನಿಜ ಇರಲಿ ಎಂದು ಹಲಗೆಯ ಮೇಲೆ ಕಾಲಂ ಎಳೆದೆ. ಓಡಿದ ಕಿಲೋಮೀಟರ್, ಕುಡಿದ ಇಂಧನ, ವರ್ಕ್‌ಶಾಪಿಗೆ ಹೋದದ್ದು ಎಷ್ಟು ಸಲ, ಕೆಟ್ಟದ್ದು ಏನು. ಪ್ರತಿ ಶನಿವಾರ ಊಟದ ಬಿಡುವಿನಲ್ಲಿ ತುಂಬುವುದು.

ಕಂಪನಿಗಳನ್ನು ನಾವು ಬಾನೆಟ್ಟಿನ ಗುರುತಿನಿಂದಲೇ ಕರೆಯುತ್ತಿದ್ದೆವು. ಖಜಾಂಚಿಯದು ಆಮೆ, ಬೈಂಡರನದು ಗರಿ, ನನ್ನದು ಲಂಗರು. ಖಜಾಂಚಿ ಟಿಫಿನ್ ಡಬ್ಬಿ ಮುಚ್ಚುವ ಮೊದಲೇ ಶುರುಮಾಡುತ್ತಿದ್ದ. "ನನ್ನ ಆಮೆ ಈ ವಾರ ಲೀಟರಿಗೆ ಇಪ್ಪತ್ತೊಂದು. ನಿಮ್ಮ ಗರಿ ಹಾರ್ತೋ ಇಲ್ವೋ ಬೈಂಡರ್?" ಅದಕ್ಕೆ ಬೈಂಡರ್, "ನಿನ್ನ ಗಾಡೀಲಿ ಎ.ಸಿ. ಹಾಕಿದ್ರೆ ಗಾಡಿ ಸಾಯುತ್ತೆ, ಆರಿಸಿದ್ರೆ ನೀನು ಸಾಯ್ತೀಯ. ಲೀಟರಿಗೆ ಬೆವರು ಎಷ್ಟು ಅಂತ ಒಂದು ಕಾಲಂ ಎಳೀರಪ್ಪ" ಎನ್ನುತ್ತಿದ್ದ. ನೀನು ಆಗ ಕಾರಿಲ್ಲದವನು, ಬಸ್ಸಿನವನು. ಆದರೂ ಕಂಬಕ್ಕೆ ಒರಗಿ ನಿಂತು ಎಲ್ಲ ಕೇಳುತ್ತಿದ್ದೆ.

ಹಲಗೆಗೆ ಒಂದು ನಿಯಮ ಇತ್ತು. ಬೈಂಡರ್ ಗೊಣಗುವ ಆಸಾಮಿ. ಬಾಗಿಲು ಕಿರುಗುಟ್ಟಿತು, ಗೇರು ಕೆಮ್ಮಿತು, ಏನೋ ಸುಟ್ಟ ವಾಸನೆ ಬಂತು ಎಂದು ತನ್ನ ಗಾಡಿಯನ್ನೂ ಬಿಡದೆ ಎಲ್ಲರ ಗಾಡಿಯ ಮೇಲೂ ದೂರು ಬರೆಯುತ್ತಿದ್ದ. ಆಗ ನಾನು ಎದ್ದು ನಿಂತು, ಕಾಯಿದೆ ಬರೆಯುವವನ ಗತ್ತಿನಲ್ಲಿ, ವರ್ಕ್‌ಶಾಪಿನ ಚೀಟಿಯಲ್ಲಿ "ಕೆಟ್ಟಿತ್ತು, ಸರಿಪಡಿಸಲಾಗಿದೆ" ಎಂದು ಇದ್ದರೆ ಮಾತ್ರ ಅದು ದೋಷ ಎಂದೆ. ಚೀಟಿ ಇಲ್ಲದ ದೋಷ ಅನುಮಾನ, ಅನುಮಾನಕ್ಕೆ ಹಲಗೆಯಲ್ಲಿ ಜಾಗವಿಲ್ಲ. ಎಲ್ಲರೂ ಒಪ್ಪಿದರು. ಖಜಾಂಚಿ ಮಾತ್ರ ಬಾಯಿ ಒರೆಸಿಕೊಳ್ಳುತ್ತ, "ಅಂಪೈರೇ ಬ್ಯಾಟ್ ಹಿಡಿದ್ರೆ ಔಟ್ ಕೊಡೋರು ಯಾರು ಸ್ವಾಮಿ?" ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಇದನ್ನು ಬರೆಯಲು ಕೂತದ್ದು ಮೂರು ಸಲ. ಎರಡು ಸಲ ಎದ್ದು ಹೋಗಿ ಕಿಟಕಿಯ ಗಾಜು ಒರೆಸಿ ಬಂದೆ.

ನೀನು ಕಾರು ಕೊಳ್ಳುವುದಕ್ಕೆ ನಾಲ್ಕು ತಿಂಗಳ ಮೊದಲು, ಪೇಟೆಯ ದಟ್ಟಣೆಯಲ್ಲಿ ಮುಕ್ಕಾಲು ಗಂಟೆ ನಿಂತು ಹೊರಟು ಮಾಡಿ, ಮಾರುಕಟ್ಟೆಯ ಹಿಂದಿನ ಇಳಿಜಾರಿಗೆ ಬಂದಾಗ ನನ್ನ ಲಂಗರಿನ ಬ್ರೇಕ್ ಪೆಡಲ್ ಕಾಲಿನ ಕೆಳಗೆ ಮೆತ್ತಗಾಗಿ ತಳದವರೆಗೆ ಇಳಿದುಹೋಯಿತು. ಗಾಡಿ ನಿಲ್ಲಲಿಲ್ಲ. ಎರಡನೆಯ ಸಲ ತುಳಿದೆ, ಮೂರನೆಯ ಸಲ ತುಳಿದೆ, ಆಗ ಹಿಡಿಯಿತು. ಮುಂದಿದ್ದ ಗಾಡಿಗೆ ಒಂದು ಗೇಣು ಉಳಿದಿತ್ತು. ಮರುದಿನ ವರ್ಕ್‌ಶಾಪಿಗೆ ಒಯ್ದೆ. ಅವರು ನೋಡಿ ಚೀಟಿ ಕೊಟ್ಟರು. "ಗ್ರಾಹಕರ ದೂರು: ಪೆಡಲ್ ಒಮ್ಮೊಮ್ಮೆ ಕೆಳಗಿಳಿಯುತ್ತದೆ. ಪರೀಕ್ಷಿಸಲಾಯಿತು. ದೋಷವಿಲ್ಲ." ಮೂರು ತಿಂಗಳು ಕಳೆದ ಮೇಲೆ ಮತ್ತೆ ಅದೇ ಆಯಿತು. ಮತ್ತೆ ಒಯ್ದೆ. ಮತ್ತೆ ಅದೇ ಚೀಟಿ, ಅದೇ ಮೂರು ಸಾಲು.

ಎರಡು ಚೀಟಿಯನ್ನೂ ಫೈಲಿನಲ್ಲಿ ಇಟ್ಟೆ. ಆ ಶನಿವಾರಗಳಂದು ಹಲಗೆಯ ನನ್ನ ಕಾಲಂನಲ್ಲಿ ಸೊನ್ನೆ ಬರೆದೆ. ನಿಯಮದ ಪ್ರಕಾರ ಅದು ಸರಿ. ಚೀಟಿಯಲ್ಲಿ ದೋಷವಿಲ್ಲ ಎಂದು ಇತ್ತಲ್ಲ! ಎರಡೂ ಸಲ ಸೊನ್ನೆಯನ್ನು ಗುಂಡಗೆ, ಚೆಂದವಾಗಿ ಬರೆದೆ. ಬೈಂಡರ್ ನೋಡುತ್ತಿದ್ದ. ಅವನ ಗಾಡಿ ಆ ತಿಂಗಳುಗಳಲ್ಲಿ ಎರಡು ಸಲ ದಾರಿಯಲ್ಲಿ ಕೆಟ್ಟು ನಿಂತಿತ್ತು. ಅವನ ಮುಂದೆ ನನ್ನ ಲಂಗರಿನ ಮರ್ಯಾದೆ ತೆಗೆಯಲು ನನಗೆ ಮನಸ್ಸಾಗಲಿಲ್ಲ. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವನ್ನು ಏಳು ತಿಂಗಳಿಂದ ಹುಡುಕಿದ್ದೇನೆ, ಸಿಕ್ಕಿಲ್ಲ.

ನಿನ್ನ ಹೆಂಡತಿ ಕಣ್ಣಾಸ್ಪತ್ರೆಗೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು. ನರ್ಸ್ ಕೆಲಸ, ಇಡೀ ದಿನ ನಿಂತೇ ಇರಬೇಕು, ಮೊಣಕಾಲು ಊದಿಕೊಂಡಿತ್ತು. ಅದಕ್ಕೇ ನೀನು ಐವತ್ತೊಂದರ ವಯಸ್ಸಿನಲ್ಲಿ ಗಾಡಿ ಕಲಿಯಲು ಹೊರಟೆ. ಯಾವ ಕಾರು ಎಂದು ಯಾರನ್ನೂ ಕೇಳಲಿಲ್ಲ. ಹಲಗೆಯ ಅಂಕಿಗಳನ್ನು ಒಂದೂವರೆ ವರ್ಷದಿಂದ ಬರೆದುಕೊಂಡು ಗ್ರಾಫ್ ಕಾಗದದ ಮೇಲೆ ಎಲ್ಲ ಕಂಪನಿಗೂ ಒಂದೊಂದು ಬಣ್ಣದ ಗೆರೆ ಎಳೆದಿದ್ದೆ. ದೋಷಗಳ ಹಾಳೆಯಲ್ಲಿ ಎಲ್ಲ ಗೆರೆಗಳೂ ಎದ್ದು ಬಿದ್ದು ಹೋಗಿದ್ದವು. ಒಂದು ಗೆರೆ ಮಾತ್ರ ಮೊದಲಿಂದ ಕೊನೆಯವರೆಗೆ ನೆಲಕ್ಕೆ ಅಂಟಿಕೊಂಡಿತ್ತು, ಅದು ನನ್ನದು. ಅದಕ್ಕೆ ನೀನು ಹಸಿರು ಹಚ್ಚಿದ್ದೆ.

ಆ ಹಾಳೆ ಹಿಡಿದು ನೀವಿಬ್ಬರೂ ಭಾನುವಾರ ನನ್ನ ಮನೆಗೆ ಬಂದಿರಿ. ಅವಳು ಚಪ್ಪಲಿ ಬಿಡುತ್ತ ನಗುತ್ತಿದ್ದಳು. "ಅಣ್ಣ, ಮದುವೆಗೆ ಮುಂಚೆ ನನ್ನ ಬಗ್ಗೆ ಇವರು ಇದರ ಕಾಲುಭಾಗನೂ ವಿಚಾರಿಸಿರಲಿಲ್ಲ. ವಿಚಾರಿಸಿದ್ರೆ ನಾನು ಬಚಾವಾಗ್ತಿದ್ದೆ" ಎಂದಳು. ಆಮೇಲೆ ನಗು ನಿಲ್ಲಿಸಿ, "ಹಾಳೆ ಗೀಳೆ ನಂಗೆ ಅರ್ಥವಾಗಲ್ಲ. ನೀವು ಹೇಳಿ. ತಗೋಬಹುದಾ?" ಎಂದು ಕೇಳಿದಳು. ಎರಡನೆಯ ಚೀಟಿಗೆ ಆಗ ಮೂರು ವಾರ ತುಂಬಿತ್ತು. ಅದು ಇದ್ದ ಕಪಾಟು ಅವಳ ಕುರ್ಚಿಯ ಹಿಂದೆಯೇ ಇತ್ತು. ನಾನು, "ಕಣ್ಣು ಮುಚ್ಕೊಂಡು ತಗೊಳ್ಳಮ್ಮ" ಎಂದೆ.

ಇದಕ್ಕಿಂತ ಕೆಟ್ಟದ್ದೊಂದು ಇದೆ. ಎರಡನೆಯ ಸಲ ಪೆಡಲ್ ಇಳಿದ ಮೇಲೆ ನನ್ನ ಕಾಲು ತಾನಾಗಿಯೇ ಪಾಠ ಕಲಿತಿತ್ತು. ದಟ್ಟಣೆಯಲ್ಲಿ ಬಹಳ ಹೊತ್ತು ಓಡಿಸಿದ್ದರೆ, ಇಳಿಜಾರು ಬರುವ ಮೊದಲೇ ಮೆಲ್ಲಗೆ ಎರಡು ಸಲ ಒತ್ತಿ ನೋಡುತ್ತಿತ್ತು. ಮೆತ್ತಗೆನಿಸಿದರೆ ಬದಿಗೆ ನಿಲ್ಲಿಸಿ ಹತ್ತು ನಿಮಿಷ ಬಿಡುತ್ತಿದ್ದೆ. ಬಾಯಿ "ಇಲ್ಲ" ಎಂದ ದೋಷವನ್ನು ಕಾಲು "ಇದೆ" ಎಂದು ನಂಬಿತ್ತು. ನಿನಗೆ ಅದನ್ನು ಹೇಳಿಕೊಡಲು ಅರ್ಧ ನಿಮಿಷ ಸಾಕಿತ್ತು. ನೀನು ಹೊಸ ಲಂಗರು ತಂದು ಶೆಡ್ಡಿನಲ್ಲಿ ನನ್ನದರ ಪಕ್ಕ ನಿಲ್ಲಿಸಿದ ದಿನ ಟೈರಿನ ಗಾಳಿಯ ಬಗ್ಗೆ, ಬೆಳಕಿನ ಬಗ್ಗೆ, ಕನ್ನಡಿಯ ಬಗ್ಗೆ ನಿನಗೆ ಒಂದು ಗಂಟೆ ಉಪನ್ಯಾಸ ಕೊಟ್ಟೆ. ಆ ಅರ್ಧ ನಿಮಿಷ ಅದರಲ್ಲಿ ಇರಲಿಲ್ಲ.

ಆಮೇಲೆ ಒಂದು ಶನಿವಾರ, ಅಪಘಾತಕ್ಕೆ ಐದು ವಾರ ಮೊದಲು, ನೀನು ಹಲಗೆಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದೆ. "ಮೊನ್ನೆ ಆಸ್ಪತ್ರೆ ಇಳಿಜಾರಲ್ಲಿ ಬ್ರೇಕ್ ಒಂದ್ಸಲ ಒಳಗೇ ಹೋದ ಹಾಗಾಯ್ತು ಕಣೋ." ಖಜಾಂಚಿಯೂ ಬೈಂಡರನೂ ತಿರುಗಿದರು. ನಾನು ಸೀಮೆಸುಣ್ಣ ಕೈಯಲ್ಲಿ ಹಿಡಿದಿದ್ದೆ. ಕೇಳಿದೆ: "ಚೀಟಿ ಇದೆಯಾ?"

ಎಲ್ಲರೂ ನಕ್ಕರು. ನೀನೂ ನಕ್ಕೆ. "ಇಲ್ಲಪ್ಪ, ನನ್ನ ಕಾಲೇ ಸರಿ ಬಿದ್ದಿರಲಿಲ್ವೇನೋ" ಎಂದೆ. ನಾನು ನಿನ್ನ ಬೆನ್ನು ತಟ್ಟಿ, "ಹೊಸದರಲ್ಲಿ ಹಾಗನ್ನಿಸುತ್ತೆ ಬಿಡು" ಎಂದೆ. ನಿನ್ನ ಕಾಲಂನಲ್ಲಿ ಸೊನ್ನೆ ಬರೆದವನೂ ನಾನೇ.

ಅಪಘಾತದ ದಿನ ಮಧ್ಯಾಹ್ನ ನಾಲ್ಕು ಗಂಟೆಯ ಪಾಳಿಗೆ ನೀನು ಅವಳನ್ನು ಕರೆದೊಯ್ಯುತ್ತಿದ್ದೆ. ದಟ್ಟಣೆ ಇತ್ತು, ಅರ್ಧ ಗಂಟೆ ತೆವಳಿದ್ದಿರಿ. ಆಸ್ಪತ್ರೆಯ ಇಳಿಜಾರಿನ ಕೆಳಗೆ ಪೈಪು ಹೇರಿದ ಲಾರಿ ನಿಂತಿತ್ತು. ಉಳಿದದ್ದನ್ನು ನಾನು ನಿನಗೆ ಹೇಳಬೇಕಾಗಿಲ್ಲ. ನಿನ್ನ ಮಣಿಕಟ್ಟು ಮುರಿಯಿತು. ಎಡಬದಿಯಲ್ಲಿ ಕೂತಿದ್ದವಳು, ತಾನೇ ಹದಿನೆಂಟು ವರ್ಷ ಕೆಲಸ ಮಾಡಿದ ಆಸ್ಪತ್ರೆಯ ಬಾಗಿಲಿಗೆ ಇನ್ನೂರು ಹೆಜ್ಜೆ ದೂರದಲ್ಲಿ ಹೋಗಿಬಿಟ್ಟಳು.

ಮೂರನೆಯ ದಿನ ನೀನು ಹಾಸಿಗೆಯಲ್ಲಿ ಮಲಗಿ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ನಾನು ಬ್ರೇಕೇ ತುಳಿದೆ ಕಣೋ. ಎರಡು ಸಲ ತುಳಿದೆ." ಹತ್ತನೆಯ ದಿನಕ್ಕೆ ತಪಾಸಣೆಯ ವರದಿ ಬಂತು. ಬ್ರೇಕಿನಲ್ಲಿ ದೋಷ ಕಂಡುಬಂದಿಲ್ಲ, ಚಾಲಕ ಗಾಬರಿಯಲ್ಲಿ ಆಕ್ಸಿಲರೇಟರ್ ತುಳಿದಿರಬಹುದು ಎಂದು. ಅವತ್ತು ನೀನು, "ತುಳಿದೆ ಅಂದ್ಕೊಂಡಿದ್ದೆ" ಎಂದೆ. ತಿಂಗಳು ಕಳೆದ ಮೇಲೆ ಮನೆಗೆ ಬಂದಾಗ ಗೋಡೆ ನೋಡುತ್ತ, "ಬೇರೆ ಪೆಡಲ್ ತುಳಿದಿರ್ಬೇಕು. ನಾನೇ ಕೊಂದೆ" ಎಂದೆ. ಮೂರು ಸಲವೂ ನಾನು ಪಕ್ಕದಲ್ಲೇ ಕೂತು ನಿನಗೆ ಕಿತ್ತಳೆ ಸುಲಿಯುತ್ತಿದ್ದೆ. ನಿನ್ನ ನೆನಪು ನನ್ನ ಕಣ್ಣೆದುರಿಗೇ ಒಂದೊಂದು ತೊಳೆಯಾಗಿ ಬಿಡಿಸಿಕೊಂಡು ಹೋಯಿತು. ನಾನು ಬಾಯಿ ಬಿಡಲಿಲ್ಲ.

ಸುಮ್ಮನೆ ಇದ್ದೆ ಎಂದಲ್ಲ. ಬೇಕಾದಷ್ಟು ಕೂಗಾಡಿದೆ. ಏಳು ತಿಂಗಳಲ್ಲಿ ಪತ್ರಿಕೆಗಳಿಗೆ ಹನ್ನೊಂದು ಕಾಗದ ಬರೆದೆ. ಇಳಿಜಾರಿನಲ್ಲಿ ಉಬ್ಬು ಹಾಕದ ನಗರಸಭೆಯ ಮೇಲೆ, ಕಂಡಲ್ಲಿ ನಿಲ್ಲಿಸುವ ಲಾರಿಗಳ ಮೇಲೆ, ನಿದ್ದೆ ಮಾಡುವ ಪೊಲೀಸರ ಮೇಲೆ. ಮೂರು ಅಚ್ಚಾದವು. ಕತ್ತರಿಸಿ ನಿನಗೆ ತಂದು ತೋರಿಸಿದೆ. ನೀನು ಮುರಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಓದಿ, "ಚೆನ್ನಾಗಿ ಬರೆದಿದ್ದೀಯ" ಎಂದೆ. ಊರಿನವರನ್ನೆಲ್ಲ ಕಟಕಟೆಗೆ ಹತ್ತಿಸಿದೆ, ನಾನೊಬ್ಬ ಮಾತ್ರ ಹತ್ತಲಿಲ್ಲ.

ನನಗೆ ತಿಳಿಯದೆ ಹೀಗಾಯಿತು ಎನ್ನಲು ಬಾಯಿಲ್ಲ. ಹದಿನೆಂಟು ವರ್ಷದ ಹಿಂದೆ ಕಾಗದ ಕತ್ತರಿಸುವ ಯಂತ್ರ ಒಬ್ಬನ ಎರಡು ಬೆರಳು ತೆಗೆದಾಗ ಕೆಲಸಗಾರನ ನಿರ್ಲಕ್ಷ್ಯ ಎಂದು ಮೇಲಿನವರು ಬರೆದರು. ಅದರ ವಿರುದ್ಧ ಎರಡು ವರ್ಷ ಓಡಾಡಿದವನು ನಾನು. ಯಂತ್ರದ ಕಾವಲು ಪಟ್ಟಿ ಸಡಿಲವೆಂದು ಮೊದಲೇ ಮೂರು ದೂರು ಹೋಗಿದ್ದವು, ಮೂರರ ಕೆಳಗೂ "ಪರೀಕ್ಷಿಸಲಾಯಿತು, ದೋಷವಿಲ್ಲ" ಎಂದು ಇತ್ತು. ಆ ಕಾಗದಗಳನ್ನು ಹುಡುಕಿ ತೆಗೆದು ವಿಚಾರಣೆಯಲ್ಲಿ ಮೇಜು ಕುಟ್ಟಿ ಓದಿದೆ. ಯಂತ್ರದ ಚಿತ್ರವನ್ನು ಅಳತೆ ಸಮೇತ ಬರೆದುಕೊಟ್ಟವನು ನೀನು. ಆ ಎರಡು ಪದಗಳ ಹಿಂದೆ ಏನು ಅಡಗಿರುತ್ತದೆ ಎಂದು ಇಡೀ ಮುದ್ರಣಾಲಯದಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಕಳೆದ ಮಂಗಳವಾರ ಲಂಗರು ಕಂಪನಿಯವನೊಬ್ಬ ಶೆಡ್ಡಿಗೆ ಬಂದ. ನಿನ್ನ ಭಾವಮೈದ ನಿನಗೆ ಹೇಳದೆ ಕಂಪನಿಗೆ ನೋಟಿಸು ಕಳಿಸಿದ್ದ ಎಂದು ಆಗ ಗೊತ್ತಾಯಿತು. ಇಸ್ತ್ರಿ ಅಂಗಿಯ ಆ ಯುವಕ ಹಲಗೆಯ ಮುಂದೆ ನಿಂತು ನಾಲ್ಕು ಫೋಟೋ ತೆಗೆದುಕೊಂಡ. ನನ್ನ ಕಾಲಂನ ಸೊನ್ನೆಗಳನ್ನು ಬೆರಳಿಟ್ಟು ಎಣಿಸಿದ. ಕೋರ್ಟಿಗೆ ಕೊಡುತ್ತೇವೆ, ಹೊರಗಿನ ಜನ ಬರೆದಿಟ್ಟ ದಾಖಲೆ, ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ ಎಂದ. ಹೋಗುವಾಗ ನನ್ನ ಕೈ ಕುಲುಕಿ, "ನಿಮ್ಮಂಥ ಗ್ರಾಹಕರು ಹತ್ತು ಜನ ಇದ್ರೆ ಸಾಕು ಸಾರ್" ಎಂದ. ಅವನ ಅಂಗೈ ಬೆಚ್ಚಗಿತ್ತು. ಮನೆಗೆ ಬಂದು ಬಹಳ ಹೊತ್ತು ಕೈ ತೊಳೆದೆ.

ಬುಧವಾರ ವರ್ಕ್‌ಶಾಪಿಗೆ ಹೋಗಿ ಹಳೆಯ ಮೆಕ್ಯಾನಿಕ್ ಒಬ್ಬನನ್ನು ಬದಿಗೆ ಕರೆದು ಕೇಳಿದೆ. ಅವನು ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, "ನಿಮ್ದೊಂದೇ ಅಲ್ಲ ಸಾರ್. ಬಿಸಿಯಾದಾಗ ಬ್ರೇಕ್ ಎಣ್ಣೆ ಒಳಗೊಳಗೇ ಜಾರುತ್ತೆ, ಹೊರಗೆ ಒಂದು ಹನಿ ಕಾಣಲ್ಲ. ನೀವು ತರೋ ಹೊತ್ತಿಗೆ ತಣ್ಣಗಾಗಿರುತ್ತೆ. ನೋಡಿದ್ರೆ ಏನೂ ಇರಲ್ಲ. ಏನೂ ಇಲ್ಲ ಅಂತ ಬರೀತೀವಿ" ಎಂದ. ಯಾಕೆ ಯಾರಿಗೂ ಹೇಳಲಿಲ್ಲ ಎಂದು ಜಗಳಕ್ಕೆ ಬಾಯಿ ತೆರೆದೆ. ಅವನು ನನ್ನ ಮುಖ ನೋಡಿದ. ಬಾಯಿ ಮುಚ್ಚಿದೆ.

ಗುರುವಾರ ಎರಡೂ ಚೀಟಿಗಳನ್ನು ನಿನ್ನ ಭಾವಮೈದನ ಮೇಜಿನ ಮೇಲಿಟ್ಟೆ. ಅವನು ಮೊದಲಿಂದಲೂ ಹೇಳುತ್ತಿದ್ದನಂತೆ: "ಭಾವ ಗಾಡಿ ಓಡಿಸಿದ್ರೆ ಸೈಕಲ್‌ನವರು ಹಿಂದಿನಿಂದ ಬೆಲ್ ಹೊಡೀತಿದ್ರು. ಅಂಥೋರು ಆಕ್ಸಿಲರೇಟರ್ ತುಳಿದ್ರು ಅಂದ್ರೆ ನಾನು ನಂಬಲ್ಲ." ಚೀಟಿಗಳನ್ನು ಎರಡು ಸಲ ಓದಿದ. ತಾರೀಕು ನೋಡಿದ. ನಂತರ ಕನ್ನಡಕ ತೆಗೆದು, "ಏಳು ತಿಂಗಳು ಇವನ್ನ ಎಲ್ಲಿಟ್ಟಿದ್ರಿ ಸಾರ್?" ಎಂದು ಕೇಳಿದ. ಫೈಲಿನಲ್ಲಿ ಎಂದೆ. ಅವನು ಬೈಯಲಿಲ್ಲ. ಎದ್ದು ಹೊರಗೆ ಹೋದ. ಕಾಲು ಗಂಟೆಯಾದ ಮೇಲೆ ಮುಖ ತೊಳೆದುಕೊಂಡು ಬಂದು, ನನ್ನ ಹೇಳಿಕೆಯನ್ನು ಬರೆದುಕೊಂಡ. ಪ್ರತಿ ಪುಟಕ್ಕೂ ಸಹಿ ಹಾಕಿದ್ದೇನೆ. ಚೀಟಿಗಳ ವಿಷಯ, ನೀನು ಶೆಡ್ಡಿನಲ್ಲಿ ನನಗೆ ಹೇಳಿದ ಮಾತು, ನಾನು ಕೊಟ್ಟ ಉತ್ತರ, ನಗು, ಎಲ್ಲವೂ ಅದರಲ್ಲಿ ಇದೆ.

ಇವತ್ತು ಹಲಗೆಯ ಮೇಲೆ ನನ್ನ ಕಾಲಂ ಒರೆಸಿ ಎರಡೂ ತಾರೀಕಿನ ಮುಂದೆ "ಬ್ರೇಕ್ ಹೋಯಿತು" ಎಂದು ಬರೆದೆ. ನಿನ್ನ ಕಾಲಂನಲ್ಲಿ ನೀನು ಹೇಳಿದ ದಿನದ ಮುಂದೆಯೂ ಬರೆದೆ. ಖಜಾಂಚಿ ಓದಿ ಡಬ್ಬಿ ಮುಚ್ಚಿ ಒಳಗೆ ಹೋದ. ಬೈಂಡರ್ ಮಾತ್ರ ನಿಂತಿದ್ದ. "ಮೂರು ವರ್ಷ ನನ್ನ ಗಾಡೀನ ಎಲ್ಲರ ಮುಂದೆ ಆಡ್ಕೊಂಡ್ರಿ. ಅದು ಕೆಟ್ಟು ನಿಲ್ತಿತ್ತು ಕಣಯ್ಯ. ನಿಲ್ಲೋದಾದ್ರೂ ನಿಲ್ತಿತ್ತು" ಎಂದ. 

ಇಷ್ಟರಿಂದ ಗೆಲ್ಲುತ್ತೇವೆ ಎಂದು ನಿನಗೆ ಆಸೆ ಹುಟ್ಟಿಸಲಾರೆ. ನಿನ್ನ ಕಾರು ಗುಜರಿಗೆ ಹೋಗಿದೆ, ಇನ್ನು ಅದನ್ನು ಬಿಸಿ ಮಾಡಿ ನೋಡುವಂತಿಲ್ಲ. ಕಂಪನಿಯವರ ಹತ್ತಿರ ದೊಡ್ಡ ವಕೀಲರಿದ್ದಾರೆ. ತಾನೇ ಸುಳ್ಳು ಬರೆದೆ ಎನ್ನುವವನ ಸಾಕ್ಷಿಗೆ ಎಷ್ಟು ಬೆಲೆ ಎಂದು ಅವರು ಕೇಳುತ್ತಾರೆ. ಸರಿಯಾಗಿಯೇ ಕೇಳುತ್ತಾರೆ. ನಿನಗೆ ಶಿಕ್ಷೆಯಾದರೂ ಆದೀತು. ಅವಳಂತೂ ಬರುವುದಿಲ್ಲ.

ಆದರೂ ಸೋಮವಾರ ನೀನು ತಪ್ಪು ಒಪ್ಪಿಕೊಳ್ಳಬೇಡ. ನಿನ್ನ ಭಾವಮೈದ ಕೇಳಿದಾಗ, ಮೂರನೆಯ ದಿನ ನನಗೆ ಹೇಳಿದೆಯಲ್ಲ, ಅದನ್ನು ಹೇಳು. ಹತ್ತನೆಯ ದಿನದ್ದನ್ನಲ್ಲ, ತಿಂಗಳಾದ ಮೇಲಿನದ್ದನ್ನೂ ಅಲ್ಲ. ಆಮೇಲಿನ ಎರಡು ಮಾತುಗಳು ನಿನ್ನವಲ್ಲ. ಒಂದನ್ನು ವರದಿ ನಿನ್ನ ಬಾಯಲ್ಲಿ ಇಟ್ಟಿತು, ಇನ್ನೊಂದನ್ನು ನನ್ನ ಮೌನ ಇಟ್ಟಿತು. ನೀನು ಬ್ರೇಕ್ ತುಳಿದೆ. ಎರಡು ಸಲ ತುಳಿದೆ. ನನಗೆ ಮೂರನೆಯ ಸಲಕ್ಕೆ ಜಾಗ ಸಿಕ್ಕಿತ್ತು, ನಿನಗೆ ಸಿಗಲಿಲ್ಲ. ನಮ್ಮಿಬ್ಬರ ನಡುವೆ ವ್ಯತ್ಯಾಸ ಅಷ್ಟೇ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ಅದನ್ನು ಪಡೆದುಕೊಂಡು ನಾನು ಹಗುರಾಗುವುದು ಸರಿಯಲ್ಲ. ಸಾಕ್ಷಿ ಕರೆದಾಗ ಬಂದು ಹೇಳಿ ಹೋಗುತ್ತೇನೆ. ನೀನು ನನ್ನ ಕಡೆ ತಿರುಗಿ ನೋಡಬೇಕಾಗಿಲ್ಲ. ನಿನ್ನ ಮನೆಗೂ ಇನ್ನು ಬರುವುದಿಲ್ಲ, ನೀನಾಗಿ ಕರೆದರೆ ಹೊರತು.

ನೀನು ಅವಳನ್ನು ಕೊಂದವನಲ್ಲ. ಈ ಒಂದು ಸಾಲು ನಿನ್ನ ಎದೆಯಲ್ಲಿ ನಿಂತು, ಒಂದು ದಿನವಾದರೂ ನಿನಗೆ ಕಣ್ಣುತುಂಬ ನಿದ್ದೆ ಬರಲಿ.

ಇಂತು,
ಕರಡು ಕೋಣೆಯವ